ಅವರೆ ಬೀಜ ಕೊಳ್ಳುವ ಮುಂಚೆ: ಸೀಸನ್ ಅವರೆಯೋ, ಎಲ್ಲಾ ಕಾಲದ ಅವರೆಯೋ?

ಹೋದ ವರ್ಷ ಯುಗಾದಿ ಮುಗಿದ ವಾರಕ್ಕೆ ನನ್ನ ಚಿಕ್ಕಪ್ಪನ ಮಗ ಅರ್ಧ ಎಕರೆಗೆ ಅವರೆ ಹಾಕಿದ. ಕೊಳವೆಬಾವಿಯಲ್ಲಿ ನೀರಿತ್ತು. ಸೀಸನ್ ಇಲ್ಲದಾಗ ಹಸಿ ಅವರೆಕಾಯಿಗೆ ಒಳ್ಳೆಯ ರೇಟು ಸಿಗುತ್ತದೆ ಎಂದು ಲೆಕ್ಕ ಹಾಕಿದ್ದ. ಬೀಜ ಕೊಟ್ಟ ಅಂಗಡಿಯವರು "ಎಲ್ಲಾ ಕಾಲಕ್ಕೂ ಬರುತ್ತೆ" ಎಂದಿದ್ದರಂತೆ. ಆಷಾಢದಲ್ಲಿ ಅವನ ಫೋನ್ ಬಂತು. "ಅಣ್ಣ, ಬಳ್ಳಿ ಎದೆಮಟ್ಟ ಬಂದೈತೆ. ಎಲೆ ಅಂಗೈ ಅಗಲ ಐತೆ. ಒಂದು ಹೂವಿಲ್ಲ. ಗೊಬ್ಬರ ಜಾಸ್ತಿ ಆಯ್ತಾ?"

ಗೊಬ್ಬರ ಜಾಸ್ತಿ ಆಗಿರಲಿಲ್ಲ. ನೀರೂ ಸರಿಯಾಗಿತ್ತು. ಅವನ ಕೈಗೆ ಬಂದಿದ್ದು ನಾಟಿ ಅವರೆ ಬೀಜ. ಹಗಲು ಚಿಕ್ಕದಾಗುವ ತನಕ ಹೂ ಬಿಡಬೇಡ ಎಂದು ಆ ಬೀಜದ ಜೀನ್‌ಗಳಲ್ಲೇ ಬರೆದಿದೆ. ದಸರಾ ಕಳೆದ ಮೇಲೆ ಹೊಲ ತಾನಾಗಿ ಹೂ ಬಿಟ್ಟಿತು. ಅಷ್ಟೊತ್ತಿಗೆ ಆರು ತಿಂಗಳ ನೀರು, ಕಳೆ ಕೀಳಿಸಿದ ಕೂಲಿ ಎಲ್ಲ ಹೋಗಿತ್ತು. ಕಾಯಿ ಬಂದಾಗ ಮಾರ್ಕೆಟ್‌ನಲ್ಲಿ ಊರವರೆಲ್ಲರ ಅವರೆಯೂ ಬಂದು ಕೂತಿತ್ತು.

ಆಗಿನಿಂದ ನೆಂಟರು, ಸ್ನೇಹಿತರು, ಬೆಂಗಳೂರಿನ ತಾರಸಿಯಲ್ಲಿ ಕೈತೋಟ ಮಾಡುವವರು ಎಲ್ಲರೂ ಕೇಳುವುದು ಒಂದೇ. ನಾಟಿ ಅವರೆ ಹಾಕಲಾ, ಹೆಬ್ಬಾಳ ಅವರೆ ಹಾಕಲಾ? ಚಪ್ಪರದವರೆ ಒಳ್ಳೆಯದಾ, ಗಿಡ ಅವರೆ ಒಳ್ಳೆಯದಾ? ಎಲ್ಲರೂ ಮೊದಲು ಇಳುವರಿ ಕೇಳುತ್ತಾರೆ, ಆಮೇಲೆ ಬೀಜದ ಬೆಲೆ. ನಾನು ಬೀಜವನ್ನು ಬೇರೆ ಎರಡು ಪ್ರಶ್ನೆ ಕೇಳಿ ಅಂತೀನಿ. ನೀನು ಹೂ ಬಿಡುವ ಹೊತ್ತನ್ನು ಏನನ್ನು ನೋಡಿ ತೀರ್ಮಾನಿಸುತ್ತೀಯ? ಹೂ ಬಿಟ್ಟ ಮೇಲೆ ಬೆಳೆಯುವುದನ್ನು ನಿಲ್ಲಿಸುತ್ತೀಯಾ, ಇಲ್ಲವಾ?

ಈ ಎರಡಕ್ಕೂ ಉತ್ತರ ಕೊಡುವುದು ಎರಡು ಬೇರೆ ಬೇರೆ ಜೀನ್ ಸ್ವಿಚ್ಚುಗಳು. ಅವು ಗೊತ್ತಾದರೆ ಯಾವ ಬೀಜ ನಿಮಗೆ ಎನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಮೊದಲ ಸ್ವಿಚ್ಚು: ಯಾವಾಗ

ನಮ್ಮ ಬೆಂಗಳೂರು ಸುತ್ತಮುತ್ತ ಹಗಲಿನ ಉದ್ದ ಅಷ್ಟೇನೂ ಬದಲಾಗುವುದಿಲ್ಲ. ಜೂನ್ ಕೊನೆಯಲ್ಲಿ ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯಲ್ಲಿ ಸುಮಾರು 11 ಗಂಟೆ 20 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ. ನಮಗೆ ಅದು ಸರಿಯಾಗಿ ಗಮನಕ್ಕೂ ಬರುವುದಿಲ್ಲ, ಅಲ್ವಾ? ನಾಟಿ ಅವರೆಗೆ ಆ ಒಂದೂವರೆ ಗಂಟೆಯೇ ಕ್ಯಾಲೆಂಡರು.

ಗಿಡ ಹಗಲನ್ನು ನೋಡಿ ಹೂ ಬಿಡುತ್ತದೆ ಎನ್ನುವುದು ಗೊತ್ತಾಗಿದ್ದು ಅಮೆರಿಕದ ಒಂದು ಹೊಗೆಸೊಪ್ಪಿನಿಂದ. ಮೇರಿಲ್ಯಾಂಡ್ ಮ್ಯಾಮತ್ ಎಂಬ ಆ ತಳಿ ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ಆ ಗಿಡಗಳನ್ನು ಸಂಜೆಗೆ ಮುಂಚೆಯೇ ಕತ್ತಲೆ ಕೋಣೆಗೆ ಒಯ್ದಿಟ್ಟು ಹಗಲನ್ನು ಮೊಟಕು ಮಾಡಿದರು. ಗಿಡ ಹೂ ಬಿಟ್ಟಿತು. ಅದನ್ನು 1920ರಲ್ಲಿ ಪ್ರಕಟಿಸಿದರು. ನನ್ನ ತಮ್ಮನ ಹೊಲದಲ್ಲಿ ಆಗಿದ್ದೂ ಇದೇ ಕಥೆ. ನೂರು ವರ್ಷದ ಹಿಂದೆಯೇ ಗೊತ್ತಾದ ಸಂಗತಿ ಬೀಜದ ಚೀಲದ ಮೇಲೆ ಇನ್ನೂ ಸರಿಯಾಗಿ ಬರೆದಿರುವುದಿಲ್ಲ ಎನ್ನುವುದೇ ನನಗೆ ಬೇಜಾರು.

ಒಳಗೆ ನಡೆಯುವುದು ಹೀಗೆ. ಎಲೆಯಲ್ಲಿ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ಪ್ರೋಟೀನು ಇದೆ. ಅದರ ಜೊತೆಗೆ ದಿನಕ್ಕೆ ಒಂದು ಸುತ್ತು ತಿರುಗುವ ಒಳಗಿನ ಗಡಿಯಾರ ಇದೆ. ಇವೆರಡೂ ಸೇರಿ ರಾತ್ರಿ ಎಷ್ಟು ಉದ್ದ ಎಂದು ಅಳೆಯುತ್ತವೆ. ಹೌದು, ಹಗಲಿಗಿಂತ ರಾತ್ರಿಯ ಅಳತೆಯೇ ಮುಖ್ಯ. ರಾತ್ರಿ ಸಾಕಷ್ಟು ಉದ್ದವಾದಾಗ ಎಲೆಯಲ್ಲಿ ಎಫ್‌ಟಿ ಎಂಬ ಪುಟ್ಟ ಪ್ರೋಟೀನು ತಯಾರಾಗುತ್ತದೆ. ಅದು ಸಕ್ಕರೆ ಹರಿಯುವ ನಾಳಗಳಲ್ಲೇ ಹೊರಟು ಬಳ್ಳಿಯ ತುದಿ, ಕಣ್ಣುಗಳಿಗೆ ತಲುಪಿ, "ಇನ್ನು ಎಲೆ ಸಾಕು, ಹೂ ಮಾಡು" ಎನ್ನುತ್ತದೆ. ಹೀಗೊಂದು ಸಂದೇಶ ಎಲೆಯಿಂದ ಹೊರಡುತ್ತದೆ ಎಂದು ರಷ್ಯಾದ ಚೈಲಖ್ಯಾನ್ 1930ರ ದಶಕದಲ್ಲೇ ಊಹಿಸಿ ಫ್ಲೋರಿಜೆನ್ ಎಂದು ಹೆಸರಿಟ್ಟಿದ್ದರು. ಅದು ಇದೇ ಎಫ್‌ಟಿ ಪ್ರೋಟೀನು ಎಂದು ತೋರಿಸಿದ್ದು 2007ರಲ್ಲಿ. ಎಪ್ಪತ್ತು ವರ್ಷದ ಹುಡುಕಾಟ!

ಅವರೆಯ ನೆಂಟ ಸೋಯಾಬೀನ್‌ನಲ್ಲಿ ಇದನ್ನು ಇನ್ನೂ ವಿವರವಾಗಿ ನೋಡಿದ್ದಾರೆ. ಅದರಲ್ಲಿ ಇ1 ಎಂಬ ಜೀನ್ ಇದೆ. ಹಗಲು ಉದ್ದ ಇರುವಷ್ಟು ದಿನ ಅದು ಎಫ್‌ಟಿಯನ್ನು ಅದುಮಿ ಹಿಡಿಯುತ್ತದೆ, ಗಾಡಿಯ ಬ್ರೇಕ್ ಇದ್ದ ಹಾಗೆ. ರಾತ್ರಿ ಉದ್ದವಾದಾಗ ಬ್ರೇಕ್ ಸಡಿಲವಾಗುತ್ತದೆ. ಇ1 ಅಥವಾ ಬೆಳಕು ಗುರುತಿಸುವ ಇ3, ಇ4 ಜೀನ್‌ಗಳು ಕೆಟ್ಟ ಗಿಡಗಳಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಅವು ಹಗಲು ಉದ್ದವಿದ್ದರೂ ಬೇಗ ಹೂ ಬಿಡುತ್ತವೆ. ಹಾಗಾಗಿ ಎಲ್ಲಾ ಕಾಲಕ್ಕೂ ಬರುವ ತಳಿ ಎಂದರೆ ಏನನ್ನೋ ಹೊಸದಾಗಿ ಸೇರಿಸಿದ್ದು ಎಂದುಕೊಳ್ಳಬೇಡಿ. ಬಹಳ ಸಲ ಅದು ತಾನಾಗಿ ಬ್ರೇಕ್ ಕಳೆದುಕೊಂಡ ಗಿಡ. ಯಾರೋ ಅದನ್ನು ಗುರುತಿಸಿ, ಜೋಪಾನ ಮಾಡಿ, ಬೇರೆ ತಳಿಗಳ ಜೊತೆ ಅಡ್ಡ ಹಾಯಿಸಿ ಬೆಳೆಸಿರುತ್ತಾರೆ.

ಎರಡನೇ ಸ್ವಿಚ್ಚು: ಎಲ್ಲಿ ನಿಲ್ಲುವುದು

ಇದನ್ನು ಜನ ಅಷ್ಟು ಗಮನಿಸುವುದಿಲ್ಲ. ಕೂಲಿಯ ಲೆಕ್ಕ ನಿಂತಿರುವುದೇ ಇದರ ಮೇಲೆ.

ಬಳ್ಳಿಯ ತುದಿಯಲ್ಲಿ ಟಿಎಫ್‌ಎಲ್1 ಎಂಬ ಇನ್ನೊಂದು ಜೀನ್ ಕೆಲಸ ಮಾಡುತ್ತದೆ. ಎಫ್‌ಟಿಗೆ ಇದು ದಾಯಾದಿ. ಇಬ್ಬರೂ ಒಂದೇ ಮನೆತನ, ಕೆಲಸ ಮಾತ್ರ ತದ್ವಿರುದ್ಧ. ಎಫ್‌ಟಿ ಹೂ ಮಾಡು ಎಂದರೆ, ಟಿಎಫ್‌ಎಲ್1 ತುದಿಯನ್ನು ಹೂವಾಗಲು ಬಿಡದೆ ಬೆಳೆಯುತ್ತಾ ಹೋಗು ಎನ್ನುತ್ತದೆ. ಅದು ಚೆನ್ನಾಗಿದ್ದರೆ ಬಳ್ಳಿ ಹಬ್ಬುತ್ತಲೇ ಇರುತ್ತದೆ, ಪಕ್ಕದ ಗೆಣ್ಣುಗಳಲ್ಲಿ ಹೂಗೊಂಚಲು ಒಂದಾದ ಮೇಲೊಂದು ಬರುತ್ತದೆ. ಅದು ಕೆಟ್ಟಿದ್ದರೆ ತುದಿಯೇ ಹೂಗೊಂಚಲಾಗಿ ಮುಗಿಯುತ್ತದೆ. ಗಿಡ ಮೊಣಕಾಲುದ್ದಕ್ಕೆ ನಿಂತು ಎಲ್ಲಾ ಕಾಯಿಯನ್ನೂ ಹೆಚ್ಚುಕಡಿಮೆ ಒಟ್ಟಿಗೆ ಕೊಡುತ್ತದೆ.

ಟೊಮ್ಯಾಟೊ ಬೆಳೆದವರಿಗೆ ಇದು ಗೊತ್ತಿರುತ್ತದೆ. ಕೋಲು ಕಟ್ಟಿ ಮೇಲೆ ಮೇಲೆ ಹಬ್ಬಿಸುವ ಟೊಮ್ಯಾಟೊಗೂ, ಪೊದೆಯಾಗಿ ನಿಂತು ಒಟ್ಟಿಗೆ ಹಣ್ಣಾಗುವ ಟೊಮ್ಯಾಟೊಗೂ ಇರುವ ವ್ಯತ್ಯಾಸ ಇದೇ ಮನೆತನದ ಜೀನ್‌ನದು. ಬಳ್ಳಿ ಬೀನ್ಸು, ಗಿಡ ಬೀನ್ಸು ಎಂದು ಎರಡು ಬಗೆ ಇರುವುದಕ್ಕೂ ಇದೇ ಕಾರಣ.

ಈ ಎರಡು ಸ್ವಿಚ್ಚೂ ಬೇರೆ ಬೇರೆ. ಹಗಲಿನ ಹಂಗಿಲ್ಲದ, ಆದರೆ ಬಳ್ಳಿಯಾಗಿಯೇ ಹಬ್ಬುವ ಗಿಡವೂ ಇರಬಹುದು. "ಕುಳ್ಳ ಗಿಡ, ಹಾಗಾದರೆ ಎಲ್ಲಾ ಕಾಲಕ್ಕೂ ಬರುತ್ತೆ" ಎಂದು ಸುಮ್ನೆ ಅಂದುಕೊಳ್ಳಬೇಡಿ. ಬೀಜ ಕೊಡುವವರನ್ನು ಎರಡೂ ಪ್ರಶ್ನೆ ಬಿಡಿಸಿ ಕೇಳಿ.

ನಿಮ್ಮ ಕಡೆಯ ಲೆಕ್ಕ

ಇನ್ನು ನಿಮ್ಮ ಹೊಲದ ವಿಷಯ. ಯಾವ ತಿಂಗಳಲ್ಲಿ ಬಿತ್ತುತ್ತೀರಿ ಎನ್ನುವುದೇ ಎಲ್ಲಕ್ಕಿಂತ ಮುಖ್ಯ. ಮಳೆ ನಂಬಿದ್ದೀರಾ, ನೀರಿದೆಯಾ? ಕಾಯಿ ಕೀಳಲು ಮನೆಯಲ್ಲೇ ಕೈಗಳಿವೆಯಾ, ಆಳು ಕರೆಯಬೇಕಾ? ಆ ಹೊಲದಲ್ಲಿ ಅವರೆ ಒಂದೇನಾ, ರಾಗಿಯ ಜೊತೆ ಅಕ್ಕಡಿ ಸಾಲಾ? ಕೊಟ್ಟಿಗೆಯಲ್ಲಿ ದನ ಇದೆಯಾ? ತಿನ್ನಲು ಬೆಳೆಯುತ್ತಿದ್ದೀರಾ, ಮಾರಲು ಬೆಳೆಯುತ್ತಿದ್ದೀರಾ? ಬೀಜ ಪ್ರತಿ ವರ್ಷ ಕೊಳ್ಳುವ ಮನಸ್ಸಿದೆಯಾ? ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮುಂದೆ ಓದಿ.

ನಾಟಿ ಅವರೆ: ಹಗಲು ನೋಡುವ ಬಳ್ಳಿ

ಮಾಗಡಿ, ರಾಮನಗರ, ಕೋಲಾರ, ತುಮಕೂರು ಕಡೆ ಅಟ್ಟದ ಮೇಲೆ ಮಡಕೆಯಲ್ಲೋ ಡಬ್ಬಿಯಲ್ಲೋ ಇಟ್ಟುಕೊಂಡು ಬಂದಿರುವ ಅವರೆ ಇದು. ಎರಡು ಸ್ವಿಚ್ಚೂ ಗಟ್ಟಿಯಾಗಿ ಕೆಲಸ ಮಾಡುತ್ತವೆ. ಮುಂಗಾರಿನಲ್ಲಿ ರಾಗಿ ಜೊತೆ ಬಿತ್ತುತ್ತೇವೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಎನ್ನುವುದು ಸಾಮಾನ್ಯ ಲೆಕ್ಕ. ರಾಗಿ ಬೆಳೆಯುವಷ್ಟು ದಿನ ಅವರೆ ಹೂವಿನ ಗೋಜಿಗೇ ಹೋಗುವುದಿಲ್ಲ, ಬೇರು ಇಳಿಸಿ ಬಳ್ಳಿ ಚಾಚುತ್ತದೆ. ರಾಗಿ ಕೊಯ್ಲಾಗುವ ಹೊತ್ತಿಗೆ ರಾತ್ರಿ ಉದ್ದವಾಗಿರುತ್ತದೆ, ಮಂಜು ಬೀಳಲು ಶುರುವಾಗಿರುತ್ತದೆ. ಹೊಲ ಖಾಲಿಯಾದಾಗ ಅವರೆ ಹೂ ಮುಡಿಯುತ್ತದೆ. ರಾಗಿಗೂ ಅವರೆಗೂ ಜಗಳವೇ ಇಲ್ಲ. ಜೀನ್‌ಗಳು ಹಾಕಿಕೊಟ್ಟ ಈ ಹೊಂದಾಣಿಕೆಯನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಸಂಕ್ರಾಂತಿಗೆ ಬೇಯಿಸಿದ ಅವರೆಕಾಯಿ ಇರುವುದು, ಬೆಂಗಳೂರಿನಲ್ಲಿ ಅವರೆಬೇಳೆ ಮೇಳ ಚಳಿಗಾಲದಲ್ಲೇ ನಡೆಯುವುದು, ಎಲ್ಲದರ ಹಿಂದೆ ಇರುವುದು ಆ ಎಲೆಯೊಳಗಿನ ರಾತ್ರಿ ಅಳೆಯುವ ಲೆಕ್ಕವೇ.

ಇದರ ಇನ್ನೊಂದು ಒಳ್ಳೆಯ ಗುಣ, ಮಳೆ ಹೆಚ್ಚುಕಡಿಮೆ ಆದರೂ ತಡೆದುಕೊಳ್ಳುತ್ತದೆ. ಬಿತ್ತನೆ ಜುಲೈ ಆಗಲಿ, ಆಗಸ್ಟ್ ಆಗಲಿ, ಹೂವು ಬರುವ ಹೊತ್ತಿನಲ್ಲಿ ಅಂಥ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಒಂದು ಸಲ ಹೂ ಉದುರಿದರೆ ಬಳ್ಳಿ ಇನ್ನೊಂದು ಗೊಂಚಲು ಹಾಕುತ್ತದೆ. ಒಮ್ಮೆ ಕಾಯಿಕೊರಕ ಹುಳ ತಿಂದರೂ ಮುಂದಿನ ಗೊಂಚಲು ಕೈಹಿಡಿಯುತ್ತದೆ. ಮನೆಯವರೇ ವಾರಕ್ಕೊಮ್ಮೆ ಮಂಕರಿ ಹಿಡಿದು ಹೋಗಿ ಕಿತ್ತರೆ ಎರಡು ತಿಂಗಳು ಸಾರಿಗೆ, ಉಪ್ಪಿಟ್ಟಿಗೆ, ಅಕ್ಕಿರೊಟ್ಟಿಗೆ ಸಾಕು. ಬಳ್ಳಿ ದನಕ್ಕೆ ಮೇವು.

ಇನ್ನು ಸೊಗಡು. ಮುಂಜಾನೆ ಮಂಜಿನಲ್ಲಿ ನಾಟಿ ಅವರೆಕಾಯಿ ಕಿತ್ತರೆ ಬೆರಳಿಗೆ ಎಣ್ಣೆಯಂಥದ್ದು ಅಂಟುತ್ತದೆ. ಸೋಪು ಹಾಕಿ ತೊಳೆದರೂ ಸಂಜೆ ತನಕ ಆ ವಾಸನೆ ಹೋಗುವುದಿಲ್ಲ. ಕಾಯಿಯ ಸಿಪ್ಪೆ ಮೇಲೆ ಒಸರುವ ಆ ಎಣ್ಣೆಯಲ್ಲೇ ಸೊಗಡಿರುವುದು. ಹಿತಕಿದ ಬೇಳೆ ಸಾರಿಗೆ ಅದಿಲ್ಲದಿದ್ದರೆ ನನಗೆ ಅದು ಅವರೆ ಅನಿಸುವುದೇ ಇಲ್ಲ.

ಕೊರತೆಗಳೂ ಇವೆ. ಒಂಟಿ ಬೆಳೆಯಾಗಿ ಹಾಕಿದರೆ ಐದಾರು ತಿಂಗಳು ಭೂಮಿ ಹಿಡಿದುಕೊಳ್ಳುತ್ತದೆ. ಎಲ್ಲರ ಹೊಲವೂ ಒಟ್ಟಿಗೆ ಕಾಯಿ ಬಿಡುವುದರಿಂದ ರೇಟು ಇಳಿಯುತ್ತದೆ. ಬೇಸಿಗೆಗೆ ಇದು ಆಗುವುದೇ ಇಲ್ಲ. ಇನ್ನೊಂದು ತಪ್ಪು ಹಲವರು ಮಾಡುತ್ತಾರೆ: ಮಳೆ ಕೈಕೊಟ್ಟಿತೆಂದು ಅಕ್ಟೋಬರ್ ಕೊನೆಗೆ ನಾಟಿ ಬೀಜ ಬಿತ್ತುತ್ತಾರೆ. ಗಿಡ ಮೊಳೆಯುವಾಗಲೇ ರಾತ್ರಿ ಉದ್ದ. ಗೇಣುದ್ದ ಇರುವಾಗಲೇ ಹೂ ಬಿಟ್ಟುಬಿಡುತ್ತದೆ. ಇಷ್ಟು ಸಣ್ಣ ಗಿಡ ಎಷ್ಟು ಕಾಯಿ ಕೊಟ್ಟೀತು? ತಡವಾಗಿ ಬಿತ್ತುವುದಿದ್ದರೆ ಸಾಲು ಹತ್ತಿರ ಮಾಡಿ, ಬೀಜ ಜಾಸ್ತಿ ಹಾಕಿ. ಇಲ್ಲವೇ ನಾಟಿಯನ್ನು ಬಿಟ್ಟು ಮುಂದಿನ ಬಗೆಗೆ ಹೋಗಿ.

ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4: ಹಗಲಿನ ಹಂಗಿಲ್ಲದ ಗಿಡ

ಇವು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿಗಳು. ಎಚ್‌ಎ-3, ಎಚ್‌ಎ-4 ಎಂದೇ ರೈತರ ಬಾಯಲ್ಲಿ. ಎರಡು ಸ್ವಿಚ್ಚೂ ನಾಟಿಗೆ ಉಲ್ಟಾ. ಹಗಲು ಎಷ್ಟೇ ಉದ್ದ ಇರಲಿ, ಬಿತ್ತಿದ ಸುಮಾರು 45 ದಿನಕ್ಕೆ ಹೂ. ಎರಡು, ಎರಡೂವರೆ ತಿಂಗಳಿಗೆ ಹಸಿಕಾಯಿ. ಒಣಕಾಳು ಬೇಕೆಂದರೆ 90ರಿಂದ 100 ದಿನ. ಗಿಡ ಕುಳ್ಳ, ಹೂಗೊಂಚಲು ಎಲೆಗಳ ಮೇಲೆ ನಿಂತಿರುತ್ತದೆ. ಕೀಳುವುದೂ ಸುಲಭ, ಔಷಧಿ ಹೊಡೆಯುವುದೂ ಸುಲಭ.

ನನ್ನ ತಮ್ಮನಿಗೆ ಆವತ್ತು ಬೇಕಿದ್ದದ್ದು ಇದು. ನೀರಿದ್ದು, ಸೀಸನ್ ಇಲ್ಲದಾಗ ಮಾರುವ ಆಸೆ ಇದ್ದವರು ಬೇರೆ ಯೋಚನೆಯೇ ಮಾಡಬೇಕಿಲ್ಲ. ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಮೂರು ತಿಂಗಳು ಭೂಮಿ ಖಾಲಿ ಬಿದ್ದಿದ್ದರೆ ಅದಕ್ಕೂ ಇದು ಹೊಂದುತ್ತದೆ. ಆಳು ಕರೆದು ಎರಡು ಮೂರು ಕೊಯ್ಲಿಗೆ ಮುಗಿಸಿ ಹೊಲ ಬಿಡಿಸಿಕೊಳ್ಳಬಹುದು.

ಖರ್ಚಿನ ಕಡೆ ನೋಡೋಣ. ಕುಳ್ಳ ಗಿಡ ಹಬ್ಬುವುದಿಲ್ಲ, ಹಾಗಾಗಿ ಒತ್ತಾಗಿ ಹಾಕಬೇಕು. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ. ಹೀಗೆ ಎಕರೆಗೆ ಸುಮಾರು 60,000 ಗಿಡ ಕೂರುತ್ತವೆ. ಬೀಜ ಎಷ್ಟು ಬೇಕೆಂದು ಅಂಗಡಿಯವರನ್ನು ಕೇಳುವ ಮೊದಲು ನೂರು ಕಾಳು ಎಣಿಸಿ ತಕ್ಕಡಿಗೆ ಹಾಕಿ. 20 ಗ್ರಾಂ ತೂಗಿದರೆ ಎಕರೆಗೆ 12 ಕಿಲೋ, ಮೊಳಕೆ ಬಾರದ ಕಾಳಿಗೆಂದು ಮೇಲೆ ಸ್ವಲ್ಪ. ಅಕ್ಕಡಿ ಸಾಲಿಗೆ ಹಾಕುವ ನಾಟಿ ಬೀಜಕ್ಕೆ ಹೋಲಿಸಿದರೆ ಇದು ಬಹಳ ಜಾಸ್ತಿ.

ದೊಡ್ಡ ಅಪಾಯ ಇರುವುದು ಬೇರೆ ಕಡೆ. ಎಲ್ಲಾ ಹೂವೂ ಎರಡು ಮೂರು ವಾರದಲ್ಲಿ ಬರುತ್ತದೆ. ಆ ಎರಡು ಮೂರು ವಾರದಲ್ಲಿ ಮಳೆ ಹಿಡಿದರೆ, ನೀರು ತಪ್ಪಿದರೆ, ಹುಳ ಬಿದ್ದರೆ ಬೆಳೆಯೇ ಹೋಯಿತು. ಇನ್ನೊಂದು ಗೊಂಚಲು ಹಾಕಿ ತೂಗಿಸಿಕೊಳ್ಳುವ ಶಕ್ತಿ ಆ ಗಿಡಕ್ಕಿಲ್ಲ, ಏಕೆಂದರೆ ತುದಿ ಹೂವಾಗಿ ಮುಗಿದಿರುತ್ತದೆ. ಸುತ್ತಮುತ್ತ ಎಲ್ಲೂ ಅವರೆ ಇಲ್ಲದಾಗ ನಿಮ್ಮ ಹೊಲ ಒಂದೇ ಹೂ ಬಿಟ್ಟರೆ ಕೀಟಗಳೆಲ್ಲ ಅಲ್ಲಿಗೇ ಬರುತ್ತವೆ ಎನ್ನುವುದನ್ನೂ ಮರೆಯಬೇಡಿ. ಬೇಸಿಗೆಯಲ್ಲಿ ಬಿಳಿನೊಣ ಹಳದಿ ಎಲೆ ರೋಗ ತರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಳ್ಳದೆ, ಮೂರು ದಿನಕ್ಕೊಮ್ಮೆ ಹೊಲ ಸುತ್ತುವ ಪುರುಸೊತ್ತಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ರುಚಿ? ಕಾಳು ಚೆನ್ನಾಗಿಯೇ ಬೇಯುತ್ತದೆ. ನನ್ನ ಮೂಗಿಗೆ ಸೊಗಡು ಕಡಿಮೆ. ಏಪ್ರಿಲ್‌ನಲ್ಲಿ ಅವರೆಕಾಳು ಸಾರು ಸಿಕ್ಕಿದ್ದೇ ದೊಡ್ಡದು ಎನ್ನುವವರಿಗೆ ಅದು ತೊಂದರೆಯೇ ಅಲ್ಲ.

ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಇವನ್ನು ಬಹಳ ಜನ "ಹೈಬ್ರಿಡ್ ಅವರೆ" ಅಂತಾರೆ. ಹೈಬ್ರಿಡ್ ಅಲ್ಲ, ಸುಧಾರಿತ ತಳಿ. ಒಳ್ಳೆಯ ಗಿಡದಿಂದ ಬೀಜ ಎತ್ತಿಟ್ಟು ಮುಂದಿನ ಸಲ ಬಿತ್ತಬಹುದು. ಆದರೆ ಪಕ್ಕದಲ್ಲಿ ನಾಟಿ ಅವರೆ ಹೂ ಬಿಟ್ಟಿರುವಾಗ ಬೀಜಕ್ಕೆ ಬಿಡಬೇಡಿ. ಅವರೆ ಹೆಚ್ಚಾಗಿ ತನ್ನೊಳಗೇ ಪರಾಗ ಮಾಡಿಕೊಂಡರೂ ದುಂಬಿಗಳು ಅಲ್ಲೊಂದು ಇಲ್ಲೊಂದು ಹೂವನ್ನು ಬೆರೆಸುತ್ತವೆ. ಬೆರೆತ ಬೀಜದಲ್ಲಿ ಕೆಡದ ಜೀನ್ ಮತ್ತು ಕೆಟ್ಟ ಜೀನ್ ಎರಡೂ ಇರುತ್ತವೆ. ಸಾಮಾನ್ಯವಾಗಿ ಕೆಡದ್ದೇ ಮೇಲುಗೈ, ಬ್ರೇಕ್ ಮತ್ತೆ ಹಿಡಿಯುತ್ತದೆ. ಮುಂದಿನ ಸಲ ಕುಳ್ಳ ಗಿಡಗಳ ನಡುವೆ ಒಂದೆರಡು ಬಳ್ಳಿ ಎದ್ದು ಹಬ್ಬಿದರೆ, ಹೂ ಬಿಡದೆ ನಿಂತರೆ, ಆಗಿರುವುದು ಇದೇ. ಅಂಥ ಗಿಡ ಕಂಡ ಕೂಡಲೇ ಕಿತ್ತುಹಾಕಿ, ಬೀಜಕ್ಕೆ ಬಿಡಬೇಡಿ.

ತಾರಸಿ, ಹಿತ್ತಲು

ಕಾಳಿಗಿಂತ ಇಡೀ ಕಾಯಿಯನ್ನೇ ಪಲ್ಯ ಮಾಡುವ ಚಪ್ಪರದವರೆ ಬೇಕೆನ್ನುವವರು ಹೆಚ್ಚು. ಹಿತ್ತಲಿದ್ದು, ಚಪ್ಪರ ಹಾಕಲು ನಾಲ್ಕು ಗಳ ಇದ್ದರೆ ಹಳೆಯ ಚಪ್ಪರದವರೆಯನ್ನೇ ಹಾಕಿ. ಒಂದೆರಡು ಬಳ್ಳಿ ಮನೆಗೂ ಸಾಕು, ಪಕ್ಕದ ಮನೆಗೂ ಸಾಕು. ಜೂನ್, ಜುಲೈನಲ್ಲಿ ಬೀಜ ಊರಿ, ಚಳಿಗಾಲದ ತನಕ ಕಾಯುವ ತಾಳ್ಮೆ ಬೇಕು ಅಷ್ಟೆ. ಕುಂಡದಲ್ಲಿ ಬೆಳೆಯುವವರಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಹೊಂದುತ್ತವೆ. ಎರಡೂ ಕುಳ್ಳ, ಎರಡಕ್ಕೂ ಹಗಲಿನ ಹಂಗಿಲ್ಲ. ಒಂದು ಕುಂಡದಿಂದ ಸಿಗುವುದು ಒಂದೆರಡು ಹಿಡಿ. ನಾಲ್ಕು ಜನರ ಮನೆಗೆ ಒಂದು ಹೊತ್ತಿನ ಪಲ್ಯ ಆಗಬೇಕೆಂದರೆ ಹತ್ತು ಹನ್ನೆರಡು ಕುಂಡ ಬೇಕು. ಹದಿನೈದು ದಿನಕ್ಕೊಮ್ಮೆ ನಾಲ್ಕು ಕುಂಡದಲ್ಲಿ ಬೀಜ ಹಾಕುತ್ತಾ ಹೋದರೆ ಬರುವ ಕಾಯಿಯೂ ಹಂಚಿಕೆಯಾಗುತ್ತದೆ.

ನಗರದಲ್ಲಿ ಇರುವವರಿಗೆ ಒಂದು ಮಾತು. ನಾಟಿ ಬಳ್ಳಿಗೆ ರಾತ್ರಿ ಕತ್ತಲೆ ಬೇಕು. ನಮ್ಮ ಮನೆಯ ಕಾಂಪೌಂಡಿನ ಮೇಲೆ ಹಬ್ಬಿಸಿದ್ದ ಚಪ್ಪರದವರೆಯಲ್ಲಿ ಇದನ್ನು ನಾನೇ ನೋಡಿದೆ. ಬೀದಿದೀಪದ ಕಡೆ ಇದ್ದ ಭಾಗ ಹಸಿರಾಗಿ ದಟ್ಟವಾಗಿತ್ತು, ಹೂವಿಲ್ಲ. ಮನೆಯ ನೆರಳಿನ ಕಡೆ ನೇರಳೆ ಗೊಂಚಲು ತುಂಬಿತ್ತು. ಅದೇ ಬೇರು, ಅದೇ ನೀರು. ದೀಪದ ಬೆಳಕಿನಲ್ಲಿ ಕೆಂಪು ಅಂಶವಿದ್ದರೆ ಫೈಟೋಕ್ರೋಮ್ ಅದನ್ನು ಹಗಲು ಎಂದೇ ಎಣಿಸುತ್ತದೆ. ರಾತ್ರಿ ಎರಡು ತುಂಡಾಗುತ್ತದೆ, ಆ ಕಡೆಯ ಎಲೆಗಳಲ್ಲಿ ಎಫ್‌ಟಿ ತಯಾರಾಗುವುದಿಲ್ಲ. ಪಾಲಿಹೌಸಿನ ಸೇವಂತಿಗೆ ಬೆಳೆಗಾರರು ರಾತ್ರಿ ಬಲ್ಬು ಹಾಕಿ ಹೂವನ್ನು ಬೇಕಂತಲೇ ತಡ ಮಾಡುವುದು ಇದೇ ಗುಣವನ್ನು ಬಳಸಿಕೊಂಡು. ಬಾಲ್ಕನಿ ಎದುರೇ ದೀಪದ ಕಂಬ ಇದ್ದರೆ ನಾಟಿ ಬಳ್ಳಿ ಬೇಡ, ಹಗಲಿನ ಹಂಗಿಲ್ಲದ ತಳಿ ತೆಗೆದುಕೊಳ್ಳಿ.

ಎರಡೂ ಬೇಕು ಅನ್ನುವವರಿಗೆ

ನನಗೆ ಅತಿ ಹೆಚ್ಚು ಇಷ್ಟವಾದ ದಾರಿ ಇದು. ಎರಡು ಎಕರೆ ಇರುವವರು ಒಂದೂವರೆ ಎಕರೆಯಲ್ಲಿ ರಾಗಿ, ಅದರಲ್ಲಿ ನಾಟಿ ಅವರೆಯ ಅಕ್ಕಡಿ ಸಾಲು ಹಾಕಲಿ. ಮನೆಗೆ ರಾಗಿ, ದನಕ್ಕೆ ಹುಲ್ಲು, ಸಂಕ್ರಾಂತಿಗೆ ಕಾಯಿ, ಎಲ್ಲವೂ ಹೆಚ್ಚು ಖರ್ಚಿಲ್ಲದೆ ಸಿಗುತ್ತದೆ. ಉಳಿದ ಅರ್ಧ ಎಕರೆಗೆ ನೀರು ಹಾಯುವುದಾದರೆ ಜನವರಿ ಕೊನೆಗೆ ಎಚ್‌ಎ-4. ಯುಗಾದಿ ಹೊತ್ತಿಗೆ ಹಸಿಕಾಯಿ ಬರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿದೆ. ಎರಡರ ಹೂವೂ ಬೇರೆ ತಿಂಗಳಲ್ಲಿ ಬರುವುದರಿಂದ ಬೀಜ ಬೆರೆಯುವ ಭಯವೂ ಇಲ್ಲ.

ನೀರಿಲ್ಲದವರು ಹಗಲಿನ ಹಂಗಿಲ್ಲದ ತಳಿಯ ಆಸೆಗೆ ಬೀಳಬೇಡಿ ಎಂದೇ ನನ್ನ ಅಭಿಪ್ರಾಯ. ಮಳೆಯನ್ನೇ ನಂಬಿದ ಹೊಲದಲ್ಲಿ ಆ ಗಿಡ 45ನೇ ದಿನ ಮಳೆ ಇರಲಿ, ಇಲ್ಲದಿರಲಿ ಹೂ ಬಿಡುತ್ತದೆ. ನಾಟಿ ಬಳ್ಳಿ ಕಾಯುತ್ತದೆ. ನಮ್ಮ ಹಿರಿಯರು ತಲೆತಲಾಂತರದಿಂದ ಆ ಬೀಜ ಆರಿಸಿ ಇಟ್ಟಿದ್ದು ಈ ಗುಣವನ್ನು ನೋಡಿಯೇ ಇರಬೇಕು.

ಭತ್ತದಲ್ಲೂ ಇದೇ ಆಯ್ಕೆ ನಡೆದಿದೆ. ಹಳೆಯ ತಳಿಗಳಲ್ಲಿ ಬಹಳಷ್ಟು ಹಗಲು ಚಿಕ್ಕದಾದಾಗ ಮಾತ್ರ ತೆನೆ ಹಾಕುವಂಥವು, ವರ್ಷಕ್ಕೆ ಒಂದೇ ಬೆಳೆ. 1966ರಲ್ಲಿ ಬಂದ ಐಆರ್8 ಕುಳ್ಳ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೆ ಹಗಲಿನ ಹಂಗೂ ಇರಲಿಲ್ಲ. ನಾಲೆ ನೀರಿದ್ದ ಕಡೆ ವರ್ಷಕ್ಕೆ ಎರಡು ಭತ್ತ ತೆಗೆಯಲು ಸಾಧ್ಯವಾಗಿದ್ದರಲ್ಲಿ ಆ ಗುಣದ ಪಾಲು ದೊಡ್ಡದು. ತೊಗರಿ ಹಾಕುವವರೂ ಇದೇ ಪ್ರಶ್ನೆಗಳನ್ನು ಕೇಳಿ ಬೀಜ ಕೊಳ್ಳಬಹುದು.

ಚೀಲದ ಮಾತು ನಂಬುವ ಮೊದಲು

ನಾಟಿ ಬೀಜವನ್ನು ಆ ಊರಲ್ಲೇ ಬೆಳೆದವರ ಮನೆಯಿಂದ ತನ್ನಿ. ಎಚ್‌ಎ ತಳಿಗಳಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ವಿಚಾರಿಸಿ, ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಎಲ್ಲಿಂದ ತಂದರೂ, ದೊಡ್ಡದಾಗಿ ಬಿತ್ತುವ ಮೊದಲು ಒಂದು ಪರೀಕ್ಷೆ ಮಾಡಿ. ಚೀಲದಿಂದ ಹತ್ತು ಕಾಳು ತೆಗೆದು ಏಪ್ರಿಲ್‌ನಲ್ಲಿ ಕುಂಡಗಳಲ್ಲಿ ಹಾಕಿ. ಆಗ ಹಗಲು ಉದ್ದವಾಗುತ್ತಾ ಹೋಗುವ ಕಾಲ, ಹಗಲು ನೋಡುವ ಗಿಡ ಸಿಕ್ಕಿಬೀಳುತ್ತದೆ. ಬಿತ್ತಿದ ದಿನವನ್ನು ಕುಂಡದ ಮೇಲೆ ಬರೆದಿಡಿ. 50, 55 ದಿನದೊಳಗೆ ತುದಿಯಲ್ಲೇ ಗೊಂಚಲು ಬಂದರೆ ಎರಡೂ ಸ್ವಿಚ್ಚು ನೀವು ಕೇಳಿದ ಹಾಗೆಯೇ ಇವೆ. ತುದಿ ಹಗ್ಗದ ಹಾಗೆ ಎಳೆದುಕೊಂಡು ಆಸರೆ ಹುಡುಕಿದರೆ ಅದು ಬಳ್ಳಿ. ಜುಲೈ ಬಂದರೂ ಹೂ ಇಲ್ಲವೆಂದರೆ ಆ ಬೀಜವನ್ನು ಅಕ್ಕಡಿ ಸಾಲಿಗೆ ಬಳಸಿಕೊಳ್ಳಿ, ದುಡ್ಡು ದಂಡವಾಗುವುದಿಲ್ಲ.

ನನ್ನ ತಮ್ಮ ಈ ವರ್ಷ ಹಾಗೇ ಮಾಡಿದ. ಹತ್ತು ಕುಂಡ, ಹತ್ತು ಕಾಳು, ಮನೆಯ ಮುಂದಿನ ಜಗುಲಿ ಪಕ್ಕ. 48ನೇ ದಿನ ಫೋಟೋ ಕಳಿಸಿದ. ಒಂಬತ್ತರಲ್ಲಿ ಬಿಳಿ ಹೂ. ಹತ್ತನೆಯದು ಬಟ್ಟೆ ಒಣಗಿಸುವ ತಂತಿ ಹಿಡಿದು ಮೇಲೆ ಹೋಗಿತ್ತು. "ಅಣ್ಣ, ಇದೊಂದು ಬೆರಕೆ ಅಲ್ವಾ? ಹಿತ್ತಲಲ್ಲಿ ನೆಡ್ತೀನಿ, ಸಂಕ್ರಾಂತಿಗೆ ಆಗ್ತದೆ" ಎಂದ.